ಬ್ಯಾಂಡ್‌ಸೆಟ್ ಮಾಸ್ಟರನ್ನು ಕೇಳಿ: ವಾದ್ಯ ಬದಲಿಸುವವರ ಪ್ರಶ್ನೆಗಳು

ಉತ್ತರಿಸುವವರು: ಸೇನಾ ಬ್ಯಾಂಡ್‌ನಿಂದ ನಿವೃತ್ತರಾಗಿ ಮಡಿಕೇರಿಯಲ್ಲಿರುವ ಟ್ರಂಪೆಟ್ ವಾದಕರು

ಸೋಮವಾರಪೇಟೆ ಸದಸ್ಯ: ನಮಸ್ಕಾರ ಮಾಸ್ಟರೇ. ಕಾರ್ನೆಟ್ ಬಿಟ್ಟು ಟ್ರಂಪೆಟ್ ಹಿಡಿದಿದ್ದೇನೆ. ತುಟಿಗಿಡುವ ಹಳೆಯ ಮೌತ್‌ಪೀಸ್ ಆಗುತ್ತದೆಯೇ?

ಮಾಸ್ಟರ್: ನಮಸ್ಕಾರ. ಆಗುವುದಿಲ್ಲ. ಕಾರ್ನೆಟ್ ಮೌತ್‌ಪೀಸಿನಲ್ಲಿ ವಾದ್ಯದೊಳಗೆ ಕೂರುವ ಬಾಲ ಸಣ್ಣ, ಟ್ರಂಪೆಟ್‌ನಲ್ಲಿ ಲೊಡಲೊಡ ಎನ್ನುತ್ತದೆ. ಬೆರಳಿನ ಕ್ರಮ ಮಾತ್ರ ಅದೇ.

ನಾಪೋಕ್ಲು ಸದಸ್ಯ: ಟೇಪ್ ಸುತ್ತಿದರೆ ಸರಿಹೋಗುತ್ತದೆ.

ಮಾಸ್ಟರ್: ಶ್ರುತಿಗೂ ಸುತ್ತುತ್ತೀರಾ?

ವಿರಾಜಪೇಟೆ ಸದಸ್ಯ: ತಂದೆ ವಾಲಗದಲ್ಲಿ ಕೊಂಬು ಊದುತ್ತಿದ್ದರು, ನಾನು ಟ್ರಂಪೆಟ್. ಬ್ಯಾಂಡ್‌ಸೆಟ್‌ನಲ್ಲಿ ಜನ ಕಡಿಮೆಯಾಗಿ ಒಂದು ತಿಂಗಳಿಂದ ದಪ್ಪ ದನಿಯ ದೊಡ್ಡ ವಾದ್ಯ ಯೂಫೋನಿಯಂ ಊದುತ್ತಿದ್ದೇನೆ. ಈಗ ಟ್ರಂಪೆಟ್‌ನಲ್ಲಿ ಮೇಲಿನ ಸ್ವರ ಬರುವುದಿಲ್ಲ. ರಾತ್ರಿ ಊದಿದರೆ ಮೇಲ್ದುಟಿ ಬೆಳಿಗ್ಗೆಯವರೆಗೂ ಮರಗಟ್ಟಿರುತ್ತದೆ.

ಮಾಸ್ಟರ್: ಮೊದಲು ಊದುವುದನ್ನು ನಿಲ್ಲಿಸಿ. ಊದಿ ದಣಿದ ತುಟಿ ವಿಶ್ರಾಂತಿ ಕೊಟ್ಟರೆ ಚೇತರಿಸಿಕೊಳ್ಳಬೇಕು. ಬೆಳಗಿನವರೆಗೆ ಮರಗಟ್ಟಿದರೆ ಅದು ದಣಿವಲ್ಲ. ವೈದ್ಯರಿಗೆ ತೋರಿಸಿ.

ಟ್ರಂಪೆಟ್ ಮೌತ್‌ಪೀಸಿನ ಬಟ್ಟಲು ಸುಮಾರು 16 ಮಿಲಿಮೀಟರ್ ಅಗಲ, ಯೂಫೋನಿಯಂನದು 25ರ ಆಸುಪಾಸು. ಕೊಳವೆಯೂ ಎರಡು ಪಟ್ಟು ಉದ್ದ, 2.7 ಮೀಟರ್. ದೊಡ್ಡ ಬಟ್ಟಲಲ್ಲಿ ತುಟಿ ಸಡಿಲವಾಗಿ ಅದುರುವುದಕ್ಕೆ ಒಗ್ಗಿದೆ. ಟ್ರಂಪೆಟ್‌ಗೆ ಮರಳಿದಾಗ ತುಟಿಯ ಅಂಚು ಬಿಗಿಯುವ ಬದಲು ನೀವು ವಾದ್ಯವನ್ನೇ ಹಲ್ಲಿಗೆ ಒತ್ತುತ್ತಿದ್ದೀರಿ ಎಂಬುದು ನನ್ನ ಅನುಮಾನ. ಊದಿದ ಮೇಲೆ ಕನ್ನಡಿ ನೋಡಿಕೊಂಡಿದ್ದೀರಾ? ಉಂಗುರದ ಗುರುತು ಕೆಂಪಾಗಿ ಆಳಕ್ಕೆ ಇಳಿದಿದ್ದರೆ ಒತ್ತಿದ್ದೀರಿ ಎಂದೇ ಅರ್ಥ. ವೈದ್ಯರು ಒಪ್ಪಿದ ಮೇಲೆ ದಿನಕ್ಕೆ ಹತ್ತು ನಿಮಿಷ, ಕೆಳಗಿನ ಸ್ವರಗಳು, ಮೆಲ್ಲಗೆ. ಮೊದಲು ಟ್ರಂಪೆಟ್, ವಿಶ್ರಾಂತಿ, ಆಮೇಲೆ ಯೂಫೋನಿಯಂ.

ಕುಶಾಲನಗರ ಸದಸ್ಯ: ತುಟಿಗೆ ಲವಂಗದ ಎಣ್ಣೆ, ಬೆರಳಲ್ಲಿ ಒತ್ತುವ ವಾಲ್ವ್‌ಗೆ ತೆಂಗಿನೆಣ್ಣೆ, ಹೊಳಪಿಗೆ ಹುಣಸೆಹಣ್ಣು. ಬಂದ ಸಂದೇಶ, ಎಲ್ಲರಿಗೂ ಹಂಚಿ.

ಮಾಸ್ಟರ್: ಹಂಚಬೇಡಿ. ಲವಂಗದ ಎಣ್ಣೆ ಮರಗಟ್ಟಿಸುವುದಕ್ಕೇ ಹೆಸರಾದದ್ದು. ಮರಗಟ್ಟಿದ ತುಟಿಗೆ ಅದನ್ನೇ ಹಚ್ಚುವುದೇ? ತೆಂಗಿನೆಣ್ಣೆ 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಡಿಸೆಂಬರಿನ ಮಡಿಕೇರಿಯಲ್ಲಿ ಬಾಟಲಿಯಿಂದಲೇ ಇಳಿಯದ್ದು ವಾಲ್ವ್‌ನಲ್ಲಿ ಹರಿಯುತ್ತದೆಯೇ? ಹುಣಸೆಹಣ್ಣು ನಿಮ್ಮ ಹಿತ್ತಾಳೆ ಕೊಡಕ್ಕೆ ಇರಲಿ.

ಗೋಣಿಕೊಪ್ಪ ಸದಸ್ಯ: ಟ್ರಂಪೆಟ್‌ಗೆ 7ಸಿ ಅಳತೆಯ ಮೌತ್‌ಪೀಸ್ ಒಳ್ಳೆಯದೇ ಮಾಸ್ಟರೇ?

ಮಾಸ್ಟರ್: ಕಲಿಯುವವರಿಗೆ ಸಾಕು.

ಸುಂಟಿಕೊಪ್ಪ ಸದಸ್ಯ: ಹಳೆಯ ಫ್ಲೂಗಲ್‌ಹಾರ್ನ್‌ಗೆ ಎಷ್ಟು ಕೊಡಬಹುದು?

ನಾಪೋಕ್ಲು ಸದಸ್ಯ: ಕೊಂಬು ಊದಿದ ಮನೆಯವರಿಗೆ ಟ್ರಂಪೆಟ್ ಒಲಿಯುವುದು ಕಷ್ಟ. ಕೊಂಬಿಗೆ ವಾಲ್ವೇ ಇಲ್ಲ.

ವಿರಾಜಪೇಟೆ ಸದಸ್ಯ: ವಾಲ್ವ್‌ಗೆ ಪೇಟೆಂಟ್ ಸಿಕ್ಕಿದ್ದೇ 1818ರಲ್ಲಿ. ಅದಕ್ಕೂ ಮುಂಚೆ ಯುರೋಪಿನ ಟ್ರಂಪೆಟ್ಟೂ ತುಟಿಯಿಂದಲೇ ಸ್ವರ ಹುಡುಕುತ್ತಿತ್ತು. ಮನೆಯ ವಿಷಯ ಬೇಡ.

ನಾಪೋಕ್ಲು ಸದಸ್ಯ: ನಾನು ಹೇಳಿದ್ದು ವಾದ್ಯದ ಬಗ್ಗೆ.

ಕುಶಾಲನಗರ ಸದಸ್ಯ: ಟೇಪ್ ಸುತ್ತುವವರು ವಾದ್ಯದ ಬಗ್ಗೆ ಮಾತನಾಡುತ್ತಾರೆ.

ನಾಪೋಕ್ಲು ಸದಸ್ಯ: ಹುಣಸೆಹಣ್ಣಿಗಿಂತ ವಾಸಿ.

ವಿರಾಜಪೇಟೆ ಸದಸ್ಯ: ಮಾಸ್ಟರೇ, ನಾಳಿದ್ದು ಮದುವೆಗೆ ಮುಂಗಡ ತೆಗೆದುಕೊಂಡಾಗಿದೆ. ಒಂದೇ ದಿನ ಊದಲೇ?

ಮಾಸ್ಟರ್: ಬೇಡ. ತಾಳ ಹಿಡಿದು ನಿಲ್ಲಿ.

ಗೋಣಿಕೊಪ್ಪ ಸದಸ್ಯ: 7ಸಿ ಯೂಫೋನಿಯಂಗೂ ಆಗುತ್ತದೆಯೇ?

ಮಾಸ್ಟರ್: ಮೇಲೆ ಓದಿ.