ಕೀನ್ಯಾದ ಅನಾಥಾಲಯದಲ್ಲಿ ಆರು ವಾರ ಸ್ವಯಂಸೇವೆ ಮಾಡಬಹುದಾ? ಬಲ್ಲವರು ಹೇಳಿ

ಪ್ರಶ್ನೆ: ದಾವಣಗೆರೆ ಟೀಚರ್

ಎಲ್ಲರಿಗೂ ನಮಸ್ಕಾರ. ಬಿ.ಎಡ್ ಆಗಿದೆ, ಖಾಸಗಿ ಶಾಲೆಯಲ್ಲಿ ಒಂದರಿಂದ ಐದನೇ ತರಗತಿಗೆ ಗಣಿತ, ಇಂಗ್ಲಿಷ್ ಹೇಳಿಕೊಡ್ತೀನಿ. ಬೇಸಿಗೆ ರಜೆಯಲ್ಲಿ ಆರು ವಾರ ಕೀನ್ಯಾದ ಕಿಸುಮು ಹತ್ತಿರದ ಒಂದು ಅನಾಥಾಲಯದಲ್ಲಿ ಪಾಠ ಮಾಡೋಕೆ ಏಜೆನ್ಸಿಯೊಂದು ಕರೆದಿದೆ. ಊಟ, ವಸತಿ ಸೇರಿ ಅವರಿಗೆ ಶುಲ್ಕ ಕಟ್ಟಬೇಕು, ವಿಮಾನದ ಖರ್ಚು ನಮ್ಮದೇ. "ಪ್ರವಾಸಿ ಅಂತ ಬಂದರೆ ಸಾಕು" ಅಂತಾರೆ. ಇದು ಸರಿಯಾದ ದಾರಿನಾ? ಕಾಗದಪತ್ರ, ಲಸಿಕೆ, ಸಸ್ಯಾಹಾರ, ದುಡ್ಡು ಎಲ್ಲದರ ಬಗ್ಗೆ ಗೊತ್ತಿರುವವರು ದಯವಿಟ್ಟು ಹೇಳಿ.

ಉತ್ತರ: ಮಕ್ಕಳ ರಕ್ಷಣೆ ಕೆಲಸದವರು, ಬೆಂಗಳೂರು

ಮೇಡಂ, ಲಸಿಕೆ ಟಿಕೆಟ್ಟು ಆಮೇಲೆ ನೋಡೋಣ. "ಅನಾಥಾಲಯ" ಅಂದಲ್ಲೇ ಒಂಚೂರು ನಿಲ್ಲಿ.

ಕೀನ್ಯಾ ಸರ್ಕಾರ 2017ರ ನವೆಂಬರ್‌ನಲ್ಲೇ ಹೊಸ ಅನಾಥಾಲಯಗಳ ನೋಂದಣಿ ನಿಲ್ಲಿಸಿತು. 2022ರಲ್ಲಿ ಹೊಸ ಮಕ್ಕಳ ಕಾಯ್ದೆ ಬಂತು. ಅದರ ಜೊತೆಗೆ 2022ರಿಂದ 2032ರವರೆಗಿನ ಆರೈಕೆ ಸುಧಾರಣೆಯ ಯೋಜನೆಯೂ ಬಂತು. ಸಂಸ್ಥೆಗಳಲ್ಲಿರುವ ಮಕ್ಕಳನ್ನು ಅವರವರ ಮನೆಗೋ, ಸಂಬಂಧಿಕರ ಹತ್ತಿರಕ್ಕೋ, ಸಾಕು ಕುಟುಂಬಕ್ಕೋ ಸೇರಿಸಬೇಕು ಅನ್ನೋದು ಅದರ ಗುರಿ. ಅಂದರೆ ಆ ದೇಶ ಮುಚ್ಚೋಕೆ ಹೊರಟಿರುವ ವ್ಯವಸ್ಥೆಗೆ ನೀವು ಶುಲ್ಕ ಕಟ್ಟಿ ಸೇರ್ತಿದ್ದೀರಿ.

ಕಾರಣ ಇಷ್ಟೇ: ಅಲ್ಲಿರುವ ಮಕ್ಕಳಲ್ಲಿ ಬಹಳಷ್ಟು ಮಂದಿಗೆ ಅಪ್ಪನೋ ಅಮ್ಮನೋ ಇದ್ದಾರೆ. ಬಡತನಕ್ಕೆ, ಶಾಲೆಯ ಫೀಸಿಗೆ ಸೋತು ಬಿಟ್ಟು ಹೋಗಿರುತ್ತಾರೆ. ದುಡ್ಡು ಕೊಟ್ಟು ಬರುವ ಸ್ವಯಂಸೇವಕರು, ದಾನಿಗಳು ಹೆಚ್ಚಿದಂತೆ ಕೆಲವು ಕಡೆ ಹಾಸಿಗೆ ತುಂಬಿಸೋಕೆ ಮಕ್ಕಳನ್ನು ಹುಡುಕಿಕೊಂಡು ಹಳ್ಳಿಗೆ ಹೋಗ್ತಾರೆ, "ಓದಿಸ್ತೀವಿ" ಅಂತ ಕರೆತರ್ತಾರೆ. ಮಕ್ಕಳು ಸೊರಗಿ ಕಂಡರೆ ದೇಣಿಗೆ ಜಾಸ್ತಿ, ಹಾಗಾಗಿ ಸುಧಾರಿಸಬೇಕು ಅನ್ನುವ ಆತುರ ಯಾರಿಗೂ ಇರಲ್ಲ. 2019ರಲ್ಲಿ ವಿಶ್ವಸಂಸ್ಥೆಯ ಮಹಾಸಭೆ ಮಕ್ಕಳ ಹಕ್ಕುಗಳ ನಿರ್ಣಯದಲ್ಲಿ ಇಂಥ ಸ್ವಯಂಸೇವೆಯ ಅಪಾಯವನ್ನು ಹೆಸರಿಸಿಯೇ ಹೇಳಿತು.

ಇನ್ನೊಂದು ಮಾತು, ಇದು ಒಳ್ಳೆಯ ಸಂಸ್ಥೆಗೂ ಅನ್ವಯಿಸುತ್ತೆ. ಆರು ವಾರಕ್ಕೊಬ್ಬ ಹೊಸ ಅಕ್ಕ ಬಂದು ಮುದ್ದು ಮಾಡಿ ಹೋಗ್ತಾ ಇದ್ದರೆ ಮಗುವಿಗೆ ನೆಲೆ ಸಿಗಲ್ಲ. ಗುರುತಿಲ್ಲದವರನ್ನು ಕಂಡ ತಕ್ಷಣ ಓಡಿ ಬಂದು ತಬ್ಬುವ ಮಕ್ಕಳನ್ನು ನೋಡಿ "ಎಷ್ಟು ಪ್ರೀತಿ" ಅಂದುಕೊಳ್ಳಬೇಡಿ. ಅದು ನೆಲೆ ತಪ್ಪಿದ ಲಕ್ಷಣ.

ಹಾಗಂತ ಹೋಗಲೇಬೇಡಿ ಅಂತಲ್ಲ. ಸಂಜೆಗೆ ಮಕ್ಕಳು ಮನೆಗೆ ಹೋಗುವಂಥ ಸಮುದಾಯ ಶಾಲೆ, ಹಗಲು ಕೇಂದ್ರ, ಅಂಗವಿಕಲ ಮಕ್ಕಳ ತಾಯಂದಿರ ಗುಂಪು ಇಂಥ ಕಡೆ ಹುಡುಕಿ.

ಉತ್ತರ: ಕಾಗದಪತ್ರ ಬಲ್ಲವರು

"ಪ್ರವಾಸಿ ಅಂತ ಬನ್ನಿ" ಅನ್ನೋ ಏಜೆನ್ಸಿಯನ್ನು ಅಷ್ಟಕ್ಕೇ ಬಿಟ್ಟುಬಿಡಬಹುದು. ಕೀನ್ಯಾ 2024ರ ಜನವರಿಯಿಂದ ವೀಸಾ ತೆಗೆದು ಇಟಿಎ ಅನ್ನುವ ಆನ್‌ಲೈನ್ ಅನುಮತಿ ತಂದಿದೆ. ಅದು ದೇಶದ ಒಳಗೆ ಬರೋಕೆ, ಕೆಲಸ ಮಾಡೋಕಲ್ಲ. ಸಂಬಳ ಇಲ್ಲ ಅನ್ನುವ ಕಾರಣಕ್ಕೆ ವಿನಾಯಿತಿ ಇಲ್ಲ. ಕೆಲಸಕ್ಕೆ ಬೇಕಾದ್ದು ಅಲ್ಪಾವಧಿಗೆ ಸ್ಪೆಷಲ್ ಪಾಸ್, ದೀರ್ಘಾವಧಿಗೆ ಧಾರ್ಮಿಕ ಮತ್ತು ದತ್ತಿ ಕೆಲಸದ ಐ ವರ್ಗದ ಪರ್ಮಿಟ್. ಎರಡಕ್ಕೂ ನಿಮ್ಮನ್ನು ಕರೆಸಿಕೊಳ್ಳುವ ಸಂಸ್ಥೆ ಪತ್ರ, ನೋಂದಣಿ ಪ್ರಮಾಣಪತ್ರ ಕೊಡಬೇಕು. ಅದು ಕೊಡಲಾಗದವರ ಹತ್ತಿರ ನೋಂದಣಿಯೇ ಇರಲ್ಲ, ಸಾಮಾನ್ಯವಾಗಿ ವಿಷಯ ಅಲ್ಲೇ ಗೊತ್ತಾಗುತ್ತೆ. ಸಿಕ್ಕಿಬಿದ್ದರೆ ದಂಡ, ಗಡೀಪಾರು ನಿಮಗೆ, ಏಜೆನ್ಸಿಗಲ್ಲ.

ಇಟಿಎಗೆ ಸರ್ಕಾರಿ ತಾಣದಲ್ಲೇ ಅರ್ಜಿ ಹಾಕಿ. ಅದೇ ಥರ ಕಾಣುವ ಮಧ್ಯವರ್ತಿ ತಾಣಗಳು ಹೆಚ್ಚು ದುಡ್ಡು ಕೀಳ್ತವೆ. ಪಾಸ್‌ಪೋರ್ಟಿಗೆ ಆರು ತಿಂಗಳ ಅವಧಿ ಉಳಿದಿರಲಿ. ಪಾಸ್‌ಪೋರ್ಟ್ ಸೇವಾ ತಾಣದಲ್ಲಿ 500 ರೂಪಾಯಿ ಕಟ್ಟಿ ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟ್ ಮಾಡಿಸಿಕೊಳ್ಳಿ. ಮಕ್ಕಳ ಜೊತೆ ಕೆಲಸ ಮಾಡಿಸೋ ಯಾವ ಸಂಸ್ಥೆಯೂ ಇದನ್ನು ಕೇಳದೆ ನಿಮ್ಮನ್ನು ಒಳಗೆ ಬಿಡಬಾರದು.

ಉತ್ತರ: ನರ್ಸ್, ಮಂಗಳೂರು

ಹಳದಿ ಜ್ವರದ ಲಸಿಕೆಯಿಂದ ಶುರು ಮಾಡಿ. ಇದು ಸರ್ಕಾರ ಗುರುತಿಸಿದ ಕೇಂದ್ರಗಳಲ್ಲಿ ಮಾತ್ರ ಸಿಗುತ್ತೆ, ಬೀದಿಬದಿಯ ಕ್ಲಿನಿಕ್‌ನಲ್ಲಿ ಅಲ್ಲ. ಒಂದು ಸೀಸೆಯಲ್ಲಿ ಹಲವರಿಗಾಗುವಷ್ಟು ಇರುವುದರಿಂದ ವಾರದ ನಿಗದಿತ ದಿನ, ಮೊದಲೇ ಹೆಸರು ಬರೆಸಿದವರಿಗೆ ಕೊಡ್ತಾರೆ. ಪಾಸ್‌ಪೋರ್ಟ್ ಒಯ್ಯಿರಿ, ಸರ್ಟಿಫಿಕೇಟ್ ಅಂತ ಕೊಡುವ ಹಳದಿ ಪುಸ್ತಕದಲ್ಲಿ ನಿಮ್ಮ ಹೆಸರು ಪಾಸ್‌ಪೋರ್ಟಿನ ಹೆಸರಿಗೆ ಅಕ್ಷರಶಃ ಹೊಂದಬೇಕು. ಚುಚ್ಚಿಸಿಕೊಂಡ ಹತ್ತನೇ ದಿನದಿಂದ ಸರ್ಟಿಫಿಕೇಟ್ ಊರ್ಜಿತ. 2016ರ ಜುಲೈನಿಂದ ಇದು ಜೀವನಪೂರ್ತಿಗೆ. ಮೊಟ್ಟೆಯ ಅಲರ್ಜಿ, ಗರ್ಭ, ರೋಗನಿರೋಧಕ ಶಕ್ತಿ ಕುಗ್ಗಿಸುವ ಔಷಧಿ ಇದ್ದರೆ ಮೊದಲೇ ಹೇಳಿ. ಎಂಎಂಆರ್‌ನಂಥ ಇನ್ನೊಂದು ಜೀವಂತ ಲಸಿಕೆ ಬೇಕಿದ್ದರೆ ಎರಡೂ ಒಂದೇ ದಿನ, ಇಲ್ಲವೇ 28 ದಿನ ಬಿಟ್ಟು. ತಪ್ಪಾಗೋದು ಎಲ್ಲಿ ಅಂದ್ರೆ, ಹೋಗುವಾಗ ಯಾರೂ ಕೇಳಲಿಲ್ಲ ಅಂತ ಪುಸ್ತಕವನ್ನು ಲಗೇಜಿನಲ್ಲಿ ಹಾಕ್ತಾರೆ. ವಾಪಸ್ ಭಾರತಕ್ಕೆ ಇಳಿಯುವಾಗ ತೋರಿಸದಿದ್ದರೆ ಆರು ದಿನದವರೆಗೆ ಪ್ರತ್ಯೇಕ ಇಡಬಹುದು. ಕೈಚೀಲದಲ್ಲಿಡಿ.

ಮಲೇರಿಯಾ: ನೈರೋಬಿ ಎತ್ತರದ ಊರು, ಅಪಾಯ ಕಡಿಮೆ. ಕಿಸುಮು ವಿಕ್ಟೋರಿಯಾ ಸರೋವರದ ದಂಡೆ, ಅಲ್ಲಿ ವರ್ಷವಿಡೀ ಇದೆ, ಅದೂ ಮಿದುಳಿಗೇರಬಲ್ಲ ಫಾಲ್ಸಿಪಾರಮ್ ಅನ್ನುವ ಬಗೆ. ನಿಮ್ಮ ಬೇಸಿಗೆ ರಜೆ ಅಲ್ಲಿನ ದೊಡ್ಡ ಮಳೆಗಾಲ, ಮಾರ್ಚ್‌ನಿಂದ ಮೇವರೆಗೆ. ಕ್ಲೋರೋಕ್ವಿನ್ ಅಲ್ಲಿ ಕೆಲಸ ಮಾಡಲ್ಲ. ಡಾಕ್ಟರು ಸಾಮಾನ್ಯವಾಗಿ ಡಾಕ್ಸಿಸೈಕ್ಲಿನ್ 100 ಮಿಲಿಗ್ರಾಂ ದಿನಕ್ಕೊಂದು ಬರೀತಾರೆ: ಹೊರಡುವ ಒಂದೆರಡು ದಿನ ಮುಂಚೆ ಶುರು, ಬಂದ ಮೇಲೂ ನಾಲ್ಕು ವಾರ. ಊಟದ ಮೇಲೆ, ಲೋಟ ತುಂಬ ನೀರಿನ ಜೊತೆ ನುಂಗಿ, ಅರ್ಧ ಗಂಟೆ ಮಲಗಬೇಡಿ, ಇಲ್ಲದಿದ್ದರೆ ಅನ್ನನಾಳ ಸುಡುತ್ತೆ. ಬಿಸಿಲಿಗೆ ಚರ್ಮ ಬೇಗ ಕೆಂಪಾಗುತ್ತೆ. ಬಂದ ಮೇಲಿನ ನಾಲ್ಕು ವಾರವನ್ನೇ ಜನ ಬಿಟ್ಟುಬಿಡೋದು. ಊರಿಗೆ ಬಂದ ಮೇಲೆ ತಿಂಗಳುಗಳ ನಂತರ ಜ್ವರ ಬಂದರೂ "ಆಫ್ರಿಕಾಕ್ಕೆ ಹೋಗಿದ್ದೆ" ಅಂತ ಮೊದಲ ವಾಕ್ಯದಲ್ಲೇ ಹೇಳಿ, ರಕ್ತದಲ್ಲಿ ಮಲೇರಿಯಾ ಪರೀಕ್ಷೆ ಕೇಳಿ ಮಾಡಿಸಿ. ಇಲ್ಲಾಂದ್ರೆ ಇಲ್ಲಿ ಡೆಂಗಿ ಅಂತಲೇ ನೋಡ್ತಾ ಎರಡು ದಿನ ಹೋಗಿಬಿಡುತ್ತೆ.

ಸರೋವರದ ನೀರಿಗೆ ಕಾಲಿಡಬೇಡಿ. ಬಸವನಹುಳುವಿನ ಮೂಲಕ ಹರಡುವ ಬಿಲ್ಹಾರ್ಜಿಯಾ ಹುಳು ಚರ್ಮದಿಂದಲೇ ಒಳಗೆ ಹೋಗುತ್ತೆ. ಮಣ್ಣು ನೆಲದ ತರಗತಿಯಲ್ಲಿ ಬರಿಗಾಲು ಬೇಡ, ಜಿಗ್ಗರ್ ಅನ್ನುವ ಚಿಗಟ ಉಗುರಿನ ಸಂದಿಯಲ್ಲಿ ಕೂರುತ್ತೆ. ಬೋಡಾ ಬೋಡಾ ಅಂದರೆ ಬಾಡಿಗೆ ಬೈಕು, ಸ್ವಯಂಸೇವಕರಿಗೆ ದೊಡ್ಡ ಪೆಟ್ಟು ಬೀಳೋದು ಸಿಂಹದಿಂದಲ್ಲ, ಇದರಿಂದ. ನಿಮ್ಮ ವಿಮೆ ಬೈಕಿನ ಅಪಘಾತಕ್ಕೆ, ವಿಮಾನದಲ್ಲಿ ನೈರೋಬಿಗೆ ಸಾಗಿಸೋಕೆ ದುಡ್ಡು ಕೊಡುತ್ತಾ ಅಂತ ಓದಿ ನೋಡಿ.

ಉತ್ತರ: ತರಬೇತಿ ಮೇಷ್ಟ್ರು, ಮೈಸೂರು

ಟೀಚರಮ್ಮ, ನಿಮ್ಮ ಕೈಲಿರೋ ವಿದ್ಯೆ ಅಲ್ಲಿಗೆ ನಿಜಕ್ಕೂ ಬೇಕು. ಆದರೆ ಅದನ್ನು ಮಕ್ಕಳ ಮುಂದೆ ನಿಂತು ಖರ್ಚು ಮಾಡಬೇಡಿ, ಟೀಚರುಗಳ ಪಕ್ಕ ನಿಂತು ಮಾಡಿ. ಕೀನ್ಯಾದಲ್ಲಿ ತರಗತಿ ತಗೊಳ್ಳೋಕೆ ಶಿಕ್ಷಕರ ಸೇವಾ ಆಯೋಗದ ನೋಂದಣಿ ಬೇಕು, ಹೊರಗಿನವರು ಸ್ವತಂತ್ರವಾಗಿ ಪಾಠ ಮಾಡೋದು ಕಾನೂನಿಗೂ ಒಗ್ಗಲ್ಲ. ನೀವು ಹೊರಟ ಮರುದಿನ ಪಾಠ ನಿಂತುಹೋಗುವಂತಿದ್ದರೆ ಆ ಆರು ವಾರಕ್ಕೆ ಅರ್ಥವೂ ಇಲ್ಲ.

ಕ್ಯಾಲೆಂಡರ್ ನೋಡಿಕೊಳ್ಳಿ. ಅಲ್ಲಿ ಶಾಲಾ ವರ್ಷ ಜನವರಿಗೆ ಶುರು, ಮೂರು ಟರ್ಮು. ಮೊದಲನೆಯದು ಏಪ್ರಿಲ್ ಆರಂಭಕ್ಕೆ ಮುಗಿಯುತ್ತೆ, ಎರಡನೆಯದು ಏಪ್ರಿಲ್ ಕೊನೆಗೆ ಶುರು. ನಮ್ಮ ಬೇಸಿಗೆ ರಜೆಗೆ ಇದು ಚೆನ್ನಾಗಿ ಕೂರುತ್ತೆ: ಮೊದಲ ಎರಡು ವಾರ ಶಾಲೆ ರಜೆ, ಆಗ ಟೀಚರುಗಳ ಜೊತೆ ತಯಾರಿ. ಉಳಿದ ನಾಲ್ಕು ವಾರ ತರಗತಿಯಲ್ಲಿ ಅವರು ಮಾಡೋದು, ನೀವು ಹಿಂದೆ ಕೂತು ನೋಡೋದು. ನವೆಂಬರ್, ಡಿಸೆಂಬರ್‌ನಲ್ಲಿ ಹೋದರೆ ಮಕ್ಕಳೇ ಇರಲ್ಲ. ಆ ತಿಂಗಳಲ್ಲಿ "ಪಾಠದ ಸ್ವಯಂಸೇವೆ" ಮಾರುವವರನ್ನು ಅನುಮಾನಿಸಿ.

ಏನು ಮಾಡಬೇಕು ಅಂದರೆ, ಮಟ್ಟಕ್ಕೆ ತಕ್ಕ ಕಲಿಕೆ. ಇದು ಪ್ರಥಮ್ ಸಂಸ್ಥೆ ಭಾರತದಲ್ಲಿ ಬೆಳೆಸಿದ ಕ್ರಮ, ಈಗ ಆಫ್ರಿಕಾದ ಹಲವು ದೇಶಗಳಲ್ಲಿ ನಡೀತಿದೆ. ಮಕ್ಕಳ ಓದು, ಲೆಕ್ಕ ಅಳೆಯುವ ನಮ್ಮ ಅಸರ್ ಸಮೀಕ್ಷೆ ನೋಡಿಯೇ 2009ರಲ್ಲಿ ಕೀನ್ಯಾ, ಉಗಾಂಡ, ಟಾಂಜಾನಿಯಾಗಳಲ್ಲಿ ಅದೇ ಥರದ ಉವೇಜೋ ಸಮೀಕ್ಷೆ ಶುರುವಾಗಿದ್ದು. ಹಾಗಾಗಿ ಅಲ್ಲಿನ ಎಷ್ಟೋ ಶಿಕ್ಷಣದವರಿಗೆ ಈ ಮಾತು ಹೊಸದಲ್ಲ. ಪ್ರತಿ ಮಗುವನ್ನು ಒಂಟಿಯಾಗಿ ಕೂರಿಸಿ ಐದರಿಂದ ಹತ್ತು ನಿಮಿಷ ಪರೀಕ್ಷಿಸಿ: ಅಕ್ಷರ, ಪದ, ಒಂದು ಪ್ಯಾರಾ, ಒಂದು ಕಥೆ. ಎಲ್ಲಿ ನಿಲ್ತಾನೋ ಅದೇ ಅವನ ಗುಂಪು. ಮೂರರಿಂದ ಐದನೇ ತರಗತಿಯವರನ್ನು ತರಗತಿ ಮರೆತು ಗುಂಪು ಮಾಡಿ, ದಿನಕ್ಕೆ ಒಂದು ಗಂಟೆ ಅದೇ ಗುಂಪಿನಲ್ಲಿ ಕೆಲಸ. ನಡುವೆ ಒಮ್ಮೆ ಮರುಪರೀಕ್ಷೆ ಮಾಡಿ ಮಕ್ಕಳನ್ನು ಮುಂದಿನ ಗುಂಪಿಗೆ ದಾಟಿಸಿ. ಈ ದಾಟಿಸೋದನ್ನು ಬಿಟ್ಟರೆ ಗುಂಪು ಜಾತಿಯ ಥರ ಗಟ್ಟಿಯಾಗಿಬಿಡುತ್ತೆ, "ದಡ್ಡರ ಬೆಂಚು" ಅಂತ ಹೆಸರು ಬೀಳುತ್ತೆ.

ಭಾಷೆಯಲ್ಲಿ ಎಡವುತ್ತಾರೆ. ಕಿಸುಮು ಸುತ್ತ ಮನೆಮಾತು ಧೋಲುವೊ. ಮೂರನೇ ತರಗತಿವರೆಗೆ ಆಯಾ ಪ್ರದೇಶದ ಭಾಷೆ, ಆಮೇಲೆ ಇಂಗ್ಲಿಷ್ ಅನ್ನೋದು ಅಲ್ಲಿನ ನೀತಿ. ಇಂಗ್ಲಿಷಿನಲ್ಲಿ ಮಾತ್ರ ಪರೀಕ್ಷಿಸಿದರೆ ಓದು ಬರುವ ಮಗುವೂ ಅಕ್ಷರದ ಗುಂಪಿಗೆ ಬೀಳುತ್ತೆ. ಯಾವ ಭಾಷೆ ಅಂತ ಟೀಚರೇ ತೀರ್ಮಾನಿಸಲಿ.

ಸಾಮಗ್ರಿ ಇಲ್ಲಿಂದ ಹೊರಬೇಡಿ. ಐದು ಮಕ್ಕಳ ಗುಂಪಿಗೆ ನೂರು ಕಡ್ಡಿ, ಹತ್ತು ಹತ್ತರ ಕಟ್ಟು ಮಾಡೋಕೆ ರಬ್ಬರ್ ಬ್ಯಾಂಡ್, ನೂರು ಬಾಟಲಿ ಮುಚ್ಚಳ. ದಶಕ ಎರವಲು ತೆಗೆಯುವ ಕಳೆಯುವ ಲೆಕ್ಕಕ್ಕೆ ಇದಕ್ಕಿಂತ ಒಳ್ಳೆಯದು ಇಲ್ಲ: ಕಟ್ಟು ಬಿಚ್ಚಿದರೆ ಹತ್ತು ಬಿಡಿ, ಕಣ್ಣಿಗೇ ಕಾಣುತ್ತೆ. ನಲಿ-ಕಲಿ ಕಾರ್ಡ್ ನೋಡಿರುವವರಿಗೆ ಹೊಸದೇನೂ ಅಲ್ಲ.

ಉತ್ತರ: ಪ್ರಾಜೆಕ್ಟ್ ಮ್ಯಾನೇಜರ್, ಹುಬ್ಬಳ್ಳಿ

ಮೇಷ್ಟ್ರೇ, ಎಲ್ಲ ಸರಿ, ಒಂದು ತಕರಾರು. ರಜೆಯಲ್ಲಿ ಟೀಚರುಗಳು ಬರ್ತಾರೆ ಅಂತ ಹೇಗೆ ಅಂದುಕೊಂಡ್ರಿ? ಸಮುದಾಯ ಶಾಲೆಗಳ ಸಂಬಳ ಚೂರುಪಾರು, ಅದೂ ಫೀಸು ಬಂದರೆ. ರಜೆಯಲ್ಲಿ ಅವರು ಹೊಲಕ್ಕೋ ಇನ್ನೊಂದು ದುಡಿಮೆಗೋ ಹೋಗಿರ್ತಾರೆ. ಮಧ್ಯಾಹ್ನದ ಊಟ, ಬಸ್ ಚಾರ್ಜು ಕೊಡದೆ ತರಬೇತಿ ಇಟ್ಟರೆ ಮೊದಲ ದಿನ ಇಪ್ಪತ್ತು ಜನ, ಮೂರನೇ ದಿನ ನಾಲ್ಕು ಜನ. ಏಜೆನ್ಸಿಗೆ ಕೊಡೋಕೆ ಇಟ್ಟ ದುಡ್ಡಲ್ಲಿ ಈ ಖರ್ಚು ಕಳೆದರೂ ಉಳಿಯುತ್ತೆ. ಹಣ ಶಾಲೆಯ ಖಾತೆಗೆ ಹಾಕಿ ರಸೀದಿ ತಗೊಳ್ಳಿ, ವ್ಯಕ್ತಿಯ ಕೈಗೆ ಬೇಡ.

ಸೂಟ್‌ಕೇಸ್ ತುಂಬ ಹಳೆ ಬಟ್ಟೆಯೂ ಬೇಡ. ಅಲ್ಲಿ ಮಿತುಂಬಾ ಅನ್ನುವ ಹಳೆ ಬಟ್ಟೆಯ ಸಂತೆ ಊರೂರಲ್ಲಿದೆ.

ಉತ್ತರ: ನೈರೋಬಿ ಕನ್ನಡಿಗರು

ಊಟದ ಚಿಂತೆ ಬೇಡ. ಉಗಾಲಿ ಅಂದರೆ ಮೆಕ್ಕೆಜೋಳದ ಹಿಟ್ಟಿನ ಗಟ್ಟಿ ಮುದ್ದೆ. ಜೊತೆಗೆ ಸುಕುಮಾ ವಿಕಿ ಸೊಪ್ಪು, ಗಿಥೇರಿ ಅಂದರೆ ಮೆಕ್ಕೆಜೋಳ-ಬೀನ್ಸ್ ಕಾಳು ಬೇಯಿಸಿದ್ದು, ಡೆಂಗು ಅಂದರೆ ಹೆಸರುಕಾಳು, ಚಪಾತಿ. ಸೊಪ್ಪಿಗೂ ಮಾಂಸದ ರುಚಿಯ ಮಸಾಲೆ ಪುಡಿ ಹಾಕುವ ರೂಢಿ ಇದೆ, ಅಡುಗೆಯವರಿಗೆ ಮೊದಲೇ ಹೇಳಿ. ಮೀನು ಮಾಂಸವಲ್ಲ ಅಂತ ಒಮೆನಾ ಮೀನು ಬಡಿಸಿದರೂ ಬಡಿಸಿಯಾರು. ಬೇಳೆ, ಸಾಂಬಾರ್ ಪುಡಿ ನೈರೋಬಿಯ ಪಾರ್ಕ್‌ಲ್ಯಾಂಡ್ಸ್ ಕಡೆ ಸಿಗುತ್ತೆ.

ಇಳಿದ ದಿನವೇ ಪಾಸ್‌ಪೋರ್ಟ್ ತೋರಿಸಿ ಸಫಾರಿಕಾಮ್ ಕಂಪನಿಯ ಸಿಮ್, ಮೊಬೈಲಲ್ಲೇ ದುಡ್ಡು ಕಳಿಸುವ ಎಂ-ಪೆಸಾ ಮಾಡಿಸಿ. ತರಕಾರಿಯಿಂದ ಮಟಾಟು ಅನ್ನುವ ಮಿನಿಬಸ್ಸಿನ ಚಾರ್ಜಿನವರೆಗೆ ಅದರಲ್ಲೇ ನಡೆಯುತ್ತೆ. ಡಾಲರ್ ಒಯ್ಯುವುದಾದರೆ ಹೊಸ ಮುದ್ರಣದ, ಮಡಿಕೆ ಬೀಳದ ನೋಟು. ಪ್ಲಾಸ್ಟಿಕ್ ಚೀಲ 2017ರ ಆಗಸ್ಟ್‌ನಿಂದ ನಿಷೇಧ, ಬಟ್ಟೆಚೀಲದಲ್ಲಿ ಪ್ಯಾಕ್ ಮಾಡಿ. ಪ್ಲಗ್ಗು ಬ್ರಿಟನ್ ಥರದ ಚಪ್ಪಟೆ ಮೂರು ಪಿನ್ನು. ಸ್ವಾಹಿಲಿಯಲ್ಲಿ ಗಂಟೆ ಎಣಿಸೋದು ಬೆಳಗಾದಾಗಿನಿಂದ: "ಸಾ ತಾತು" ಅಂದರೆ ಮೂರನೇ ಗಂಟೆ, ಅಂದರೆ ನಮ್ಮ ಬೆಳಗ್ಗೆ ಒಂಬತ್ತು. ಮೀಟಿಂಗ್ ತಪ್ಪೋದು ಇಲ್ಲೇ.

ಮರುಪ್ರಶ್ನೆ: ದಾವಣಗೆರೆ ಟೀಚರ್

ಎಲ್ಲರಿಗೂ ತುಂಬಾ ಧನ್ಯವಾದ. ಅನಾಥಾಲಯ ಬಿಟ್ಟೆ. ಅದೇ ಏಜೆನ್ಸಿ ಈಗ "ಸಮುದಾಯ ಶಾಲೆಯೂ ಇದೆ" ಅಂತಿದೆ. ಏನು ಕೇಳಲಿ?

ಉತ್ತರ: ಮಕ್ಕಳ ರಕ್ಷಣೆ ಕೆಲಸದವರು, ಬೆಂಗಳೂರು

ಇಮೇಲ್‌ನಲ್ಲೇ ಕೇಳಿ, ಫೋನಲ್ಲಿ ಬೇಡ. ಶಾಲೆಯ ಹೆಸರು, ನೋಂದಣಿ ಪತ್ರದ ಪ್ರತಿ ಕೊಡ್ತೀರಾ? ಮುಖ್ಯ ಶಿಕ್ಷಕರ ಜೊತೆ ನಾನು ನೇರ ಮಾತಾಡಬಹುದಾ? ನನ್ನ ಶುಲ್ಕದಲ್ಲಿ ಶಾಲೆಗೆ ಎಷ್ಟು ಹೋಗುತ್ತೆ? ಪೊಲೀಸ್ ಕ್ಲಿಯರೆನ್ಸ್ ಯಾರಿಗೆ ಕಳಿಸಲಿ? ಮಗುವಿಗೆ ಹೊಡೆಯೋದು ಕಂಡರೆ ಯಾರಿಗೆ ಹೇಳಬೇಕು? ಬೆತ್ತ ಅಲ್ಲೂ ಕಾನೂನುಬಾಹಿರ, ಆದರೂ ಕಾಣ್ತೀರಿ. ನೀವೇ ಜಗಳಕ್ಕೆ ನಿಲ್ಲಬೇಡಿ, ಸಂಸ್ಥೆಯ ರಕ್ಷಣಾ ಅಧಿಕಾರಿಗೆ ಹೇಳಿ. ಕೀನ್ಯಾದ ಮಕ್ಕಳ ಸಹಾಯವಾಣಿ 116. ಫೋಟೋ ನೀತಿಯನ್ನೂ ಕೇಳಿ: 2019ರ ದತ್ತಾಂಶ ರಕ್ಷಣಾ ಕಾಯ್ದೆ ಪ್ರಕಾರ ಮಗುವಿನ ಫೋಟೋಗೆ ಹೆತ್ತವರ ಒಪ್ಪಿಗೆ ಬೇಕು. "ಎಷ್ಟು ಬೇಕಾದರೂ ತೆಗೀರಿ" ಅಂದರೆ ಆ ಕಡತ ಅಲ್ಲೇ ಮುಚ್ಚಿ.

ಏಜೆನ್ಸಿಯೇ ಬೇಡ ಅನ್ನಿಸಿದರೆ ವಿಶ್ವಸಂಸ್ಥೆಯ ಸ್ವಯಂಸೇವಕರ ಕಾರ್ಯಕ್ರಮ ನೋಡಿ. ಅಲ್ಲಿ ನೀವು ಶುಲ್ಕ ಕಟ್ಟೋದಿಲ್ಲ, ಅವರೇ ಜೀವನಭತ್ಯೆ ಕೊಡ್ತಾರೆ, ಆದರೆ ಅವಧಿ ಆರು ವಾರದ್ದಲ್ಲ. ಊರಲ್ಲೇ ಕೂತು ಆನ್‌ಲೈನ್‌ನಲ್ಲಿ ಮಾಡುವ ಕೆಲಸಗಳೂ ಅಲ್ಲಿವೆ, ಪಾಠದ ಸಾಮಗ್ರಿ ಸಿದ್ಧಪಡಿಸುವಂಥವು.

ಉತ್ತರ: ಕಾಗದಪತ್ರ ಬಲ್ಲವರು

ಸ್ಪೆಷಲ್ ಪಾಸ್ ಕೈಗೆ ಬರೋವರೆಗೆ, ದುಡ್ಡು ವಾಪಸ್ ಕೊಡುವ ನಿಯಮ ಬರಹದಲ್ಲಿ ಸಿಗೋವರೆಗೆ ಟಿಕೆಟ್ ಬೇಡ. ಹಳದಿ ಜ್ವರದ ಚುಚ್ಚುಮದ್ದು ಮಾತ್ರ ಈಗಲೇ ಹಾಕಿಸಿಕೊಳ್ಳಿ. ನರ್ಸಮ್ಮ ಹೇಳಿದ ಹಾಗೆ ಅದಕ್ಕೆ ಅವಧಿ ಮುಗಿಯೋದಿಲ್ಲ. ಈ ವರ್ಷ ತಪ್ಪಿದರೆ ಮುಂದಿನ ಏಪ್ರಿಲ್‌ಗೂ ಬರುತ್ತೆ.