ಪದಚರ್ಚೆ: ಗಾಡಿಗಳಿಲ್ಲದ ಸೈಕಲ್ ದಾರಿಗೆ ಏನನ್ನೋಣ? (ಗುರುವಾರದೊಳಗೆ ಬೇಕು)

ಆಖೆನ್, ಜರ್ಮನಿಯಿಂದ

ಎಲ್ಲರಿಗೂ ನಮಸ್ಕಾರ. ಒಂದು ಪದ ಬೇಕಾಗಿದೆ. ಶುಕ್ರವಾರ ಅಚ್ಚಿಗೆ ಕೊಡಬೇಕು.

ಇಲ್ಲಿನ ಕೆಲವು ಕನ್ನಡದ ಮನೆಯವರು ಸೇರಿ ರಜೆಯಲ್ಲಿ ಫೆನ್‌ಬಾನ್ ಮೇಲೆ ಮೂರು ದಿನದ ಸೈಕಲ್ ಪ್ರವಾಸ ಹೊರಟಿದ್ದೇವೆ. ಊರಿಂದ ಬರುವ ಅಪ್ಪ ಅಮ್ಮಂದಿರಿಗೆ, ಕನ್ನಡ ಕಲಿಯುತ್ತಿರುವ ಮಕ್ಕಳಿಗೆ ಅಂತ ನಾಲ್ಕು ಪುಟದ ಕೈಪಿಡಿ ಮಾಡುತ್ತಿದ್ದೇನೆ.

ದಾರಿ ಹೇಗಿದೆ ಅಂತ ಹೇಳಿಬಿಡುತ್ತೇನೆ. ಆಖೆನ್‌ನಿಂದ ಲಕ್ಸೆಂಬರ್ಗ್‌ನ ತ್ರ್ವಾವಿಯೆರ್ಜ್ ತನಕ 125 ಕಿ.ಮೀ., ಬಹುಪಾಲು ಬೆಲ್ಜಿಯಂ ನೆಲದ ಮೇಲೆ. ಗುಡ್ಡ, ಕಾಡು, ಜೌಗು, ಅಲ್ಲೊಂದು ಇಲ್ಲೊಂದು ಹಳ್ಳಿ. 1880ರ ದಶಕದಲ್ಲಿ ಪ್ರಷ್ಯದವರು ಕಲ್ಲಿದ್ದಲು, ಕಬ್ಬಿಣ ಸಾಗಿಸೋಕೆ ಇಲ್ಲಿ ರೈಲು ಹಾಕಿದ್ದರು. ಈಗ ಹಳಿ ಇದ್ದ ಜಾಗದಲ್ಲೇ ಸೈಕಲ್ ಓಡುತ್ತದೆ. ಉಗಿಬಂಡಿ ಕಡಿದಾದ ಏರು ಹತ್ತಲಾರದು. ಹಾಗಾಗಿ ದಾರಿ ಗುಡ್ಡಗಳನ್ನು ಬಳಸಿಕೊಂಡು ಮೆಲ್ಲಗೆ ಏರುತ್ತದೆ, ಜಾಸ್ತಿ ಅಂದರೆ ನೂರಕ್ಕೆ ಎರಡರ ಆಸುಪಾಸು. ಎಪ್ಪತ್ತು ದಾಟಿದ ನಮ್ಮಪ್ಪನೂ ತುಳಿಯಬಹುದು. ಬಹುಪಾಲು ಕಡೆ ಕಾರು, ಲಾರಿ, ಬೈಕು ಬರೋಲ್ಲ. ಬೇರೆ ರಸ್ತೆ ಅಡ್ಡ ಬರುವಲ್ಲಿ ನಿಂತು ನೋಡಿ ದಾಟಬೇಕು.

ಈ 'ಬರೋಲ್ಲ' ಅನ್ನೋದಕ್ಕೇ ಪದ ಬೇಕು. ಫ್ರೆಂಚರು 'ಹಸಿರು ದಾರಿ' ಅಂತಾರೆ. ಬೆಲ್ಜಿಯಂನ ವಲೋನಿಯಾದಲ್ಲಿ ಇಂಥ ದಾರಿಗಳ ಜಾಲಕ್ಕೆ ರಾವೆಲ್ ಅಂತ ಹೆಸರು. ಬಿಡಿಸಿದರೆ ಅದರಲ್ಲಿ 'ನಿಧಾನದ ದಾರಿಗಳು' ಅನ್ನೋ ಮಾತಿದೆ. ನಾನು ಸದ್ಯಕ್ಕೆ 'ಸಂಚಾರಮುಕ್ತ ಸೈಕಲ್ ಪಥ' ಅಂತ ಬರೆದಿಟ್ಟಿದ್ದೇನೆ. ಅಮ್ಮನಿಗೆ ಫೋನಿನಲ್ಲಿ ಓದಿ ಹೇಳಿದೆ. "ಅಂದ್ರೆ?" ಅಂದರು.

ಬೆಂಗಳೂರಿನಿಂದ

> 'ಸಂಚಾರಮುಕ್ತ ಸೈಕಲ್ ಪಥ'

ಇದರಲ್ಲಿ ತಪ್ಪೇನೂ ಇಲ್ಲ. ಪೇಪರ್ ಓದುವ ಯಾರಿಗಾದರೂ ಅರ್ಥ ಆಗುತ್ತದೆ. ಅಚ್ಚಿಗೆ ಕೊಡಿ.

ಶಿರಸಿಯಿಂದ

ಕೊಡಬೇಡಿ ತಂಗೀ. ನಿಮ್ಮ ತಾಯಿಯವರು ಕೇಳಿದ್ದೇ ಸರಿ.

ಪೇಪರ್ ಮಾತು ಬಂತಲ್ಲ, ಅಲ್ಲೇ ನೋಡೋಣ. 'ಹೊಸ ಸೇತುವೆ ಸಂಚಾರಕ್ಕೆ ಮುಕ್ತ' ಅಂತ ಬರೆಯುತ್ತಾರೆ. ಇವತ್ತಿಂದ ಗಾಡಿ ಬಿಡಬಹುದು ಅಂತ ಅರ್ಥ. 'ಸಂಚಾರಮುಕ್ತ' ಅಂದರೆ ಗಾಡಿ ಬಿಡಬಾರದು ಅಂತ ನಿಮ್ಮ ಅರ್ಥ. ಎರಡರ ನಡುವೆ ಇರೋದು ಒಂದು 'ಕ್ಕೆ'. ಸಮಾಸ ಆದಾಗ ಆ ವಿಭಕ್ತಿ ಬಿದ್ದುಹೋಗುತ್ತದೆ. 'ರೋಗಮುಕ್ತ'ದಲ್ಲಿ ಗೊಂದಲ ಇಲ್ಲ, ರೋಗಕ್ಕೆ ಬಾಗಿಲು ತೆರೆಯೋರು ಯಾರೂ ಇಲ್ಲ. ದಾರಿಯ ವಿಷಯದಲ್ಲಿ ಎರಡೂ ಆಗಬಹುದು. ಮೂಲದಲ್ಲಿ 'ಬಿಡುಗಡೆ' ಅನ್ನೋ ಅರ್ಥದ ಪದಕ್ಕೆ 'ತೆರೆದ' ಅನ್ನೋ ಅರ್ಥವನ್ನೂ ಹೊರಿಸಿ ಬಳಸುತ್ತಿದ್ದೇವೆ. ಬೋರ್ಡಿನಲ್ಲಿ ಹಾಕಿದರೆ ಅಪಾಯ. ಇನ್ನೊಂದು: ಸೈಕಲ್ ಹೋಗೋದು ಸಂಚಾರ ಅಲ್ವಾ?

'ಪಥ'ವೂ ಬೇಡ. ನಾಲ್ಕು ಪಥದ ಹೆದ್ದಾರಿ, ಆರು ಪಥದ ಹೆದ್ದಾರಿ ಅಂತ ಕೇಳಿ ಕೇಳಿ ಈಗ ಪಥ ಅಂದರೆ ರಸ್ತೆಯೊಳಗಿನ ಒಂದು ಪಟ್ಟಿ. ಪಕ್ಕದಲ್ಲಿ ಬಸ್ಸು ಹೋಗುತ್ತಿದೆ ಅಂತಲೇ ಅನಿಸುತ್ತದೆ. ನಿಮ್ಮದು ಬೇರೆಯೇ ದಾರಿ.

ಕನ್ನಡದಲ್ಲಿ ದಾರಿಗೆ ಹೆಸರು ಬರೋದು ಅದರ ಮೇಲೆ ಹೋಗೋರಿಂದ. ಕಾಲುದಾರಿ, ಗಾಡಿದಾರಿ, ಆನೆದಾರಿ. ಹೋಗದವರನ್ನು ಹೇಳಿ ಹೆಸರಿಟ್ಟಿದ್ದು ನಾನು ಕೇಳಿಲ್ಲ. ನಮ್ಮಲ್ಲಿ ತೋಟದ ಬಾಯಲ್ಲಿ ದಣಪೆ ಇರುತ್ತದೆ, ತೀರ್ಥಹಳ್ಳಿ ಕಡೆ ಉಣಗೋಲು. ಮನುಷ್ಯ ದಾಟುತ್ತಾನೆ, ದನ ದಾಟೋಲ್ಲ. ಹಾಗಂತ ಅದನ್ನು ಯಾರೂ 'ದನಮುಕ್ತ ತೋಟ' ಅನ್ನೋಲ್ಲ.

'ಸೈಕಲ್ ದಾರಿ' ಅಂತ ಬರೆಯಿರಿ. ಸಾಕು.

ಮೈಸೂರಿನಿಂದ

ದಾರಿಯ ಬಗ್ಗೆ ಶಿರಸಿಯವರು ಹೇಳಿದ್ದು ಒಪ್ಪಿದೆ. ಆದರೆ ಅರ್ಧ ದಾರಿಗೇ ನಿಂತುಬಿಟ್ಟರು. 'ಸೈಕಲ್' ಯಾಕೆ? ಕನ್ನಡದಲ್ಲಿ 'ತುಳಿ' ಅನ್ನೋ ಮಾತು ಇದೆಯಲ್ಲ. ತುಳಿಬಂಡಿ. ದಾರಿಗೆ ಹಳಗನ್ನಡದಲ್ಲಿ 'ಬಟ್ಟೆ' ಅಂತಿತ್ತು, ದೊಡ್ಡ ದಾರಿಗೆ 'ಹೆಬ್ಬಟ್ಟೆ'. ಎರಡನ್ನೂ ಕೂಡಿಸಿದರೆ 'ತುಳಿಬಟ್ಟೆ'. ಚಿಕ್ಕದು, ನಮ್ಮದು. ಹೊಸದೊಂದು ಬಂದಾಗಲೆಲ್ಲ ಹೊರಗಿನ ಹೆಸರನ್ನೇ ಎತ್ತಿಕೊಂಡರೆ ನುಡಿಗೆ ಪದ ಕಟ್ಟುವ ಅಳವೇ ಹೋಗಿಬಿಡುತ್ತದೆ. ಇದು ಹಟ ಅಲ್ಲ, ಕಳವಳ.

ಬೆಂಗಳೂರಿನಿಂದ

> 'ತುಳಿಬಟ್ಟೆ'

ಇದನ್ನು ಓದಿದ ಮಗು ಕಾಲೊರೆಸುವ ಬಟ್ಟೆ ಅಂದುಕೊಳ್ಳುತ್ತದೆ. ಒಂದು ಮಾತೂ ಸೇರಿಸಬೇಕು: ದಾರಿಯ ಅರ್ಥದ 'ಬಟ್ಟೆ' ಅಚ್ಚ ಕನ್ನಡ ಅಲ್ಲ. ಸಂಸ್ಕೃತದ 'ವರ್ತ್ಮ'ದ ತದ್ಭವ ಅಂತ ಕಿಟೆಲ್ ನಿಘಂಟಿನ ಕಾಲದಿಂದ ಹೇಳುತ್ತ ಬಂದಿದ್ದಾರೆ. ಎರವಲು ಬೇಡ ಅಂತ ಎರವಲನ್ನೇ ತಂದಿದ್ದೀರಿ. ಹೀಗೆ ನೋಡಿದರೆ 'ರಸ್ತೆ' ಪಾರಸಿ, 'ಬೀದಿ' ಸಂಸ್ಕೃತದ ವೀಥಿ, 'ಸವಾರಿ'ಯೂ ಪಾರಸಿ. ಯಾವುದನ್ನು ಬಿಡೋಣ?

ನಾನು 'ಸಂಚಾರಮುಕ್ತ'ದ ಪರ ಮಾತಾಡೋದನ್ನು ಬಿಟ್ಟಿದ್ದೇನೆ. 'ಕ್ಕೆ'ಯ ಮಾತು ಸರಿಯಾಗಿದೆ.

ಮೈಸೂರಿನಿಂದ

ಸಾವಿರ ವರ್ಷ ಬಾಯಲ್ಲಿ ಉರುಳಿ ಬಂದ ತದ್ಭವಕ್ಕೂ ನಿನ್ನೆ ಇಳಿದ ಪದಕ್ಕೂ ವ್ಯತ್ಯಾಸ ಇದೆ. ಅದು ಕಾಣದಿದ್ದರೆ ಚರ್ಚೆ ದಂಡ. ಹಳಗನ್ನಡ ವ್ಯಾಕರಣ ಬರೆದ ಕೇಶಿರಾಜ ಅರಿಸಮಾಸದ ಮಾತು ಎತ್ತಿದ್ದು ಸುಮ್ನೆ ಅಲ್ಲ. ಬೇರೆ ಬೇರೆ ಮೂಲದ ಪದ ಕೂಡಿದರೆ ಕಿವಿಗೆ ಹೊಂದೋಲ್ಲ. 'ಸೈಕಲ್ ದಾರಿ'ಯೂ ಹಾಗೆಯೇ.

ಶಿರಸಿಯಿಂದ

ಕೇಶಿರಾಜ ಹದಿಮೂರನೇ ಶತಮಾನದಲ್ಲಿ ಹೇಳಿದ್ದು ಸಂಸ್ಕೃತ ಮತ್ತು ಕನ್ನಡ ಕೂಡೋದರ ಬಗ್ಗೆ. ರೂಢಿಯಲ್ಲಿ ಇದ್ದದ್ದಕ್ಕೆ ಆತನೂ ಜಾಗ ಬಿಟ್ಟಿದ್ದಾನೆ. ಅದನ್ನು ಸೈಕಲ್ಲಿಗೆ ಹಾಕಬೇಡಿ.

'ರೈಲು' ನೋಡಿ. ಇಂಗ್ಲಿಷಿನಲ್ಲಿ ಅದು ಕಬ್ಬಿಣದ ಪಟ್ಟಿಯ ಹೆಸರು. ನಾವು ತಂದು ಬಂಡಿಗೆ ಇಟ್ಟೆವು, ಪಟ್ಟಿಗೆ ಹಳಿ, ಕಂಬಿ ಅಂದೆವು. ಯಾರೂ ಕೂತು ಕಟ್ಟಿದ್ದಲ್ಲ, ಬಳಸೋರು ಮಾಡಿಕೊಂಡದ್ದು. ಹೀಗೆ ಅರ್ಥ ಬದಲಿಸಿಕೊಂಡ ಪದವನ್ನು ಹೊರಗಿನದು ಅನ್ನೋಕೆ ನನಗೆ ಮನಸ್ಸು ಬರೋಲ್ಲ. ಸೈಕಲ್ಲಿಗೆ ಬಂದರೆ, ಅದರ ಮೂಲ ಗ್ರೀಕಿನ ಪದವೂ ಸಂಸ್ಕೃತದ 'ಚಕ್ರ'ವೂ ಒಂದೇ ಬೇರಿನವು. 'ದ್ವಿಚಕ್ರ'ವನ್ನು ಬಳಸೋಣ ಅಂದರೆ ಅದು ಸ್ಕೂಟರ್, ಬೈಕಿನವರ ಪಾಲಾಗಿದೆ. ನಿಮ್ಮ ಕೈಪಿಡಿಯಲ್ಲಿ 'ದ್ವಿಚಕ್ರ ವಾಹನಗಳ ದಾರಿ' ಅಂತ ಬಂದರೆ ಕೆಲಸ ಕೆಟ್ಟಿತು.

'ತುಳಿ'ಯನ್ನು ಬಿಡಬೇಡಿ, ಅದು ಮೈಸೂರಿನವರ ಒಳ್ಳೆಯ ಮಾತು. ಹೆಸರಿಗೆ ಬೇಡ, ವಾಕ್ಯದಲ್ಲಿ ಬಳಸಿ.

ಆಖೆನ್‌ನಿಂದ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮೈಸೂರಿನ ಸರ್, ನಿಮ್ಮ ಕಳವಳ ನನಗೂ ಇದೆ, ಇಲ್ಲಿ ಮಕ್ಕಳನ್ನು ಬೆಳೆಸುವಾಗ ಇನ್ನೂ ಜಾಸ್ತಿ. ಆದರೆ 'ಸೈಕಲ್' ಅನ್ನೋದು ನನ್ನ ಮಗಳಿಗೆ ಅಜ್ಜನ ಮನೆಯ ಪದ. ಜರ್ಮನ್‌ನಲ್ಲಿ ಅವಳು 'ರಾಡ್' ಅಂತಾಳೆ, ಅಂದರೆ ಗಾಲಿ. ಕನ್ನಡಕ್ಕೆ ತಿರುಗಿದಾಗ ಸೈಕಲ್ ಅಂತಾಳೆ. ಅವಳ ಮಟ್ಟಿಗೆ ಅದು ಕನ್ನಡವೇ.

ಶಿರಸಿ ಅಣ್ಣಾ, ನೀವು ರೈಲಿನ ಮಾತು ಎತ್ತಿದ ಮೇಲೆ ಇಲ್ಲಿನ ಹೆಸರನ್ನೇ ಬಿಡಿಸಿ ನೋಡಿದೆ. 'ಫೆನ್' ಅಂದರೆ ಜೌಗು. 'ಬಾನ್' ಈಗ ರೈಲು, ಆದರೆ ಹಳೇ ಅರ್ಥ ದಾರಿ. ಜರ್ಮನ್‌ನಲ್ಲಿ ರೈಲಿನ ಪೂರ್ತಿ ಹೆಸರು 'ಐಸೆನ್‌ಬಾನ್', ಕಬ್ಬಿಣದ ದಾರಿ. ಕಬ್ಬಿಣ ಹೋದ ಮೇಲೂ ಫೆನ್‌ಬಾನ್ ಅನ್ನೋ ಹೆಸರು ಹಾಗೇ ಹೊಂದುತ್ತದೆ. ಜೌಗಿನ ದಾರಿ. ಇನ್ನೊಂದು ವಿಷಯ ಕೈಪಿಡಿಗೆ ಸೇರಿಸಿದ್ದೇನೆ. ಮೊದಲ ಮಹಾಯುದ್ಧದ ನಂತರ ವರ್ಸೇಲ್ಸ್ ಒಪ್ಪಂದದ ಮೇಲೆ ಈ ರೈಲಿನ ನೆಲ ಬೆಲ್ಜಿಯಂಗೆ ಸೇರಿತು. ಕೆಲವು ಕಡೆ ಎಡಕ್ಕೂ ಜರ್ಮನಿ, ಬಲಕ್ಕೂ ಜರ್ಮನಿ, ಚಕ್ರದ ಕೆಳಗಿನ ಪಟ್ಟಿ ಮಾತ್ರ ಬೆಲ್ಜಿಯಂ. ಹಳಿ ಹೋದ ಮೇಲೂ ಅದು ಹಾಗೇ ಇದೆ.

ಅಚ್ಚಿಗೆ ಕೊಟ್ಟ ಸಾಲು ಇದು:

"ಫೆನ್‌ಬಾನ್, ಹಳೇ ರೈಲಿನ ಸೈಕಲ್ ದಾರಿ. ಇಲ್ಲಿ ಬಹುಪಾಲು ಕಡೆ ಕಾರು, ಲಾರಿ, ಬೈಕು ಬರುವುದಿಲ್ಲ. ನಡೆಯುವವರು ಇರುತ್ತಾರೆ, ಗಂಟೆ ಹೊಡೆದು ಬದಿಯಿಂದ ಹೋಗಿ. ನಿಧಾನವಾಗಿ ತುಳಿಯಿರಿ."

ಅಮ್ಮನಿಗೆ ಮತ್ತೆ ಓದಿ ಹೇಳಿದೆ. ಈ ಸಲ ಅವರು ಕೇಳಿದ್ದು, ಅಪ್ಪನ ಸೈಕಲ್ಲಿಗೆ ಹಿಂದೆ ಕ್ಯಾರಿಯರ್ ಇರುತ್ತಾ ಅಂತ.