ಬಾರ್ಲಿ ನೀರಿನ ಫಾರ್ವರ್ಡ್

(ದಾವಣಗೆರೆ ಮನೆ ಗುಂಪು)

ಚಿಕ್ಕಪ್ಪ: *ಫಾರ್ವರ್ಡ್* ಕಿಡ್ನಿ ಸೋಂಕಿಗೆ ಕಾರಣ ದೇಹದ ಉಷ್ಣ. ಮೂರು ದಿನ ಬಾರ್ಲಿ ನೀರು ಕುಡಿಯಿರಿ. ಮಾತ್ರೆ ಬೇಡವೇ ಬೇಡ. ಎಲ್ಲರಿಗೂ ಕಳಿಸಿ 🙏

ಅತ್ತೆ: ನಿಜ ಕಣೋ. ನಮ್ಮೂರ ಬಿಸಿಲಿಗೆ ಎಲ್ಲರಿಗೂ ಉಷ್ಣಾನೇ.

ನಾನು: ಚಿಕ್ಕಪ್ಪ, ಬೇಜಾರು ಮಾಡ್ಕೋಬೇಡಿ. ಇದನ್ನು ಬೇರೆ ಗುಂಪಿಗೆ ಕಳಿಸಬೇಡಿ. ಸೋಂಕು ಬರುವುದು ಬ್ಯಾಕ್ಟೀರಿಯಾದಿಂದ. ಹೆಚ್ಚಿನ ಸಲ ನಮ್ಮ ಕರುಳಲ್ಲೇ ಇರುವ ಇ. ಕೋಲಿ. ಅದು ಮೂತ್ರದ ದಾರಿಯಿಂದ ಒಳಗೆ ಹೋಗಿ, ಮೂತ್ರಚೀಲ ದಾಟಿ, ಮೇಲೆ ಕಿಡ್ನಿಗೆ ಹತ್ತುತ್ತದೆ. ಹೆಂಗಸರಲ್ಲಿ ಆ ದಾರಿ ಸುಮಾರು 4 ಸೆಂಟಿಮೀಟರ್ ಅಷ್ಟೇ. ಅದಕ್ಕೇ ನಮಗೆ ಜಾಸ್ತಿ.

ಚಿಕ್ಕಪ್ಪ: ನಮ್ಮಮ್ಮ ಜೀರಿಗೆ ನೀರು ಕೊಟ್ಟೇ ಉರಿಮೂತ್ರ ವಾಸಿ ಮಾಡುತ್ತಿದ್ದರು. ಅವರಿಗೆ ಗೊತ್ತಿರಲಿಲ್ವಾ?

ನಾನು: ಬಿಸಿಲಲ್ಲಿ ಬೆವರಿ ಮೈಯಲ್ಲಿ ನೀರು ಕಡಿಮೆಯಾದರೆ ಮೂತ್ರ ಹಳದಿ ಆಗುತ್ತದೆ, ಉರಿಯಲೂಬಹುದು. ಅದಕ್ಕೆ ಅಜ್ಜಿ ಮಾಡಿದ್ದು ಸರಿ. ಆದರೆ ಚಳಿಜ್ವರ, ಪಕ್ಕೆನೋವು, ವಾಂತಿ ಬಂದರೆ ಅದು ಜೀರಿಗೆ ನೀರಿಗೆ ಹೋಗುವುದಲ್ಲ.

ತಮ್ಮ: ಅಮ್ಮನಿಗೆ ಆಗಿದ್ದು ಮರೆತೇಬಿಟ್ರಾ ಎಲ್ಲಾ?

ಚಿಕ್ಕಪ್ಪ: ಅತ್ತಿಗೆಗೆ ಶುಗರ್ ಇತ್ತಲ್ಲ, ಅದಕ್ಕೆ.

ನಾನು: ಶುಗರ್ ಒಂದು ಕಾರಣ, ಹೌದು. ಇನ್ನೊಂದು ಹೇಳ್ತೀನಿ. ಚಿತ್ರದುರ್ಗದ ಮದುವೆಯಲ್ಲಿ ಛತ್ರದ ಶೌಚಾಲಯ ನೋಡಿ ಅಮ್ಮ ಒಳಗೆ ಹೋಗಲೇ ಇಲ್ಲ. ಹೋಗಬೇಕಾಗುತ್ತದೆ ಅಂತ ಬೆಳಗಿನಿಂದ ನೀರೂ ಮುಟ್ಟಲಿಲ್ಲ. ಎಷ್ಟು ಹೆಂಗಸರು ಹೀಗೇ ಕಟ್ಟಿಕೊಂಡು ಕೂರುತ್ತಾರೆ, ಅಲ್ವಾ? ಎರಡು ದಿನಕ್ಕೆ ಉರಿ ಶುರುವಾಯಿತು. ಉಷ್ಣ ಅಂತ ನಾವೇ ಎಳನೀರು ಕೊಟ್ಟೆವು. ನಾಲ್ಕನೇ ರಾತ್ರಿ ಮೂರು ಕಂಬಳಿ ಹೊದಿಸಿದರೂ ಗಡಗಡ ನಡುಗುತ್ತಿದ್ದರು. ಅಡ್ಮಿಟ್ ಮಾಡಿ ಡ್ರಿಪ್‌ನಲ್ಲಿ ಆಂಟಿಬಯಾಟಿಕ್ ಹಾಕಬೇಕಾಯಿತು. ಮೊದಲ ದಿನವೇ ಕರೆದುಕೊಂಡು ಹೋಗಬೇಕಿತ್ತು ಅಂತ ನನಗೆ ಈಗಲೂ ಸಂಕಟ.

ಚಿಕ್ಕಪ್ಪ: ಹಾಗಾದರೆ ಗಂಡಸರಿಗೆ ಭಯವಿಲ್ಲ ಬಿಡು.

ನಾನು: ಇದೆ ಚಿಕ್ಕಪ್ಪ. ಕಿಡ್ನಿಯಲ್ಲಿ ಕಲ್ಲಿದ್ದರೆ, ವಯಸ್ಸಾಗಿ ಮೂತ್ರಚೀಲದ ಕೆಳಗಿರುವ ಪ್ರಾಸ್ಟೇಟ್ ಗ್ರಂಥಿ ದೊಡ್ಡದಾದರೆ ಮೂತ್ರ ಪೂರ್ತಿ ಹೊರಗೆ ಹೋಗಲ್ಲ. ನಿಂತ ಮೂತ್ರದಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತದೆ. ನಿಮಗೂ ಕಲ್ಲಾಗಿತ್ತಲ್ಲ, ಅದಕ್ಕೇ ಇಷ್ಟು ಹೇಳುತ್ತಿರುವುದು.

ಅತ್ತೆ: ನನಗೂ ಶುಗರ್ ಇದೆ. ಎರಡು ದಿನದಿಂದ ಉರಿ. ನಿನ್ನೆಯಿಂದ ಸೊಂಟದ ಮೇಲೆ ಒಂದು ಕಡೆ ನೋವು. ಯಾರಿಗೂ ಹೇಳಿರಲಿಲ್ಲ.

ಚಿಕ್ಕಪ್ಪ: ಅಕ್ಕಾ, ಜ್ವರ ಇದೆಯಾ? ಈಗಲೇ ಕಾರು ತರ್ತೀನಿ.

ನಾನು: ಅತ್ತೆ, ಮನೆಯಲ್ಲಿ ಉಳಿದಿರೋ ಹಳೇ ಆಂಟಿಬಯಾಟಿಕ್ ನುಂಗಬೇಡಿ. ಆಮೇಲೆ ಕಲ್ಚರ್‌ನಲ್ಲಿ, ಅಂದರೆ ಮೂತ್ರದಲ್ಲಿ ಯಾವ ಬ್ಯಾಕ್ಟೀರಿಯಾ ಇದೆ ಅಂತ ನೋಡುವ ಪರೀಕ್ಷೆಯಲ್ಲಿ, ಸರಿಯಾಗಿ ಗೊತ್ತಾಗದೇ ಹೋಗಬಹುದು. ಚಿಕ್ಕಪ್ಪನ ಜೊತೆ ಹೊರಡಿ, ನಾನು ನೇರ ಆಸ್ಪತ್ರೆಗೆ ಬರ್ತೀನಿ.